ಗೋಪಾಲಗೌಡರ ಹೆಸರಲ್ಲಿ ಕಬಡ್ಡಿ ಶೀಲ್ಡ್: ಅರ್ಜಿ ಯಾರಿಗೆ ಕೊಡಬೇಕು?

ಎಲ್ಲರಿಗೂ ನಮಸ್ಕಾರ, ಒಂದು ಸಹಾಯ ಬೇಕಿತ್ತು. ನಾವು ಶಿವಮೊಗ್ಗ ಜಿಲ್ಲೆಯ ಒಂದು ಪದವಿ ಕಾಲೇಜಿನ ಹಳೆ ವಿದ್ಯಾರ್ಥಿಗಳು. ಅಂತರ ಕಾಲೇಜು ಕಬಡ್ಡಿಯಲ್ಲಿ ಗೆದ್ದ ತಂಡಕ್ಕೆ ಶಾಂತವೇರಿ ಗೋಪಾಲಗೌಡರ ಹೆಸರಿನ ರೋಲಿಂಗ್ ಶೀಲ್ಡ್ ಕೊಡಿಸಬೇಕು ಅಂತ ಓಡಾಡುತ್ತಿದ್ದೇವೆ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರ ಜೊತೆ ನಿಂತವರು, 1952ರಲ್ಲಿ ಶಾಸಕರಾದವರು. ಆದರೆ ಈಗಿನ ಎಷ್ಟೋ ಹುಡುಗರಿಗೆ ಅವರ ಹೆಸರೇ ಗೊತ್ತಿಲ್ಲ, ಬೇಜಾರಾಗುತ್ತದೆ. ಗೇಣಿ ಭತ್ತ ಅಳೆಯುವ ಕೊಳಗದಿಂದ ಶುರುವಾದ ಹೋರಾಟ ಅಲ್ವಾ, ಅದಕ್ಕೇ ಶೀಲ್ಡ್ ಮಧ್ಯದಲ್ಲಿ ಕೊಳಗದ ಚಿತ್ರವನ್ನೇ ಕೆತ್ತಿಸಿದ್ದೇವೆ.

ದುಡ್ಡಿನ ತೊಂದರೆ ಇಲ್ಲ. ಅಂಗಡಿಯವರು, ಆಟೋದವರು, ಹಳೆ ಆಟಗಾರರು ಕೈಲಾದಷ್ಟು ಕೊಟ್ಟಿದ್ದಾರೆ, ವಿದ್ಯಾರ್ಥಿಗಳ ಸಹಿಯೂ ಇದೆ. ಪ್ರಿನ್ಸಿಪಾಲರನ್ನು ಕೇಳಿದರೆ ರಾಜಕಾರಣಿ ಹೆಸರು ಬೇಡ, ವಿಶ್ವವಿದ್ಯಾಲಯದಿಂದ ಪತ್ರ ತನ್ನಿ ಅಂತಾರೆ. ವಿಶ್ವವಿದ್ಯಾಲಯಕ್ಕೆ ಹೋದರೆ ಪಂದ್ಯ ನಡೆಸುವ ಕಾಲೇಜಿನಿಂದಲೇ ಪ್ರಸ್ತಾವನೆ ಬರಲಿ ಅಂತಾರೆ. ಸುಮ್ನೆ ಅಲ್ಲಿಂದಿಲ್ಲಿಗೆ ಅಲೆಯುವುದೇ ಆಗಿದೆ. ಪಂದ್ಯ ನಡೆಸುವ ಕಾಲೇಜು ಪ್ರತಿ ವರ್ಷ ಬದಲಾಗುತ್ತದೆ, ಹಾಗಾಗಿ ಒಂದೇ ಕಾಲೇಜಿಗೆ ಶೀಲ್ಡ್ ಕೊಟ್ಟರೆ ಮುಂದಿನ ವರ್ಷ ಅದು ಬೀರುವಿನಲ್ಲೇ ಉಳಿಯುತ್ತದೆ ಅನ್ನೋ ಭಯ.

ಕಾಲೇಜುಗಳಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರಾಗಿರುವವರು, ಇಂಥ ಶೀಲ್ಡ್ ಕೊಟ್ಟ ಅನುಭವ ಇರುವವರು ದಯವಿಟ್ಟು ಹೇಳಿ: ಇದನ್ನು ದತ್ತಿ ಅಂತ ನೇರವಾಗಿ ವಿಶ್ವವಿದ್ಯಾಲಯದ ಕುಲಸಚಿವರಿಗೆ ಬರೆಯಬೇಕಾ, ದೈಹಿಕ ಶಿಕ್ಷಣ ವಿಭಾಗಕ್ಕಾ? ಕಾಲೇಜಿನ ಪತ್ರ ಇಲ್ಲದೆ ಅರ್ಜಿ ತಗೊಳ್ತಾರಾ?