ಕ್ಲಬ್‌ನವರೊಂದಿಗೆ ಮೊದಲ ಸವಾರಿ, ಏನೇನು ನೋಡಿಕೊಳ್ಳಬೇಕು?

ಕೇಳಿದವರು, ಚಿಂತಾಮಣಿ:
ಹಳೆಯ ಹಿಮಾಲಯನ್ 411 ಬೈಕು ಕೊಂಡು ಎರಡು ತಿಂಗಳಾಯಿತು, ಒಂದು ಬೈಕ್ ಕ್ಲಬ್ಬನ್ನೂ ಸೇರಿದ್ದೇನೆ. ಬರುವ ಭಾನುವಾರ ಹದಿನಾಲ್ಕು ಬೈಕುಗಳು ಪೆರೇಸಂದ್ರದ ಮೇಲೆ ಗುಡಿಬಂಡೆಗೆ, ಅಲ್ಲಿಂದ ಬಾಗೇಪಲ್ಲಿ ಕಡೆಗೆ ಮಣ್ಣು ದಾರಿಯಲ್ಲಿ ಹೊರಡುತ್ತವೆ. ಅವರೆಲ್ಲ ಪಳಗಿದವರು, ನಾನೊಬ್ಬನೇ ಹೊಸಬ. ಅಣ್ಣಂದಿರೇ, ಅಕ್ಕಂದಿರೇ, ಪೆಟ್ಟು ತಿಂದು ಕಲಿತದ್ದಿದ್ದರೆ ಹೇಳಿ.

ಶಿಡ್ಲಘಟ್ಟದಿಂದ:
ಇದು ಡಿಸೆಂಬರ್ ಅಲ್ಲವೇ? ಹಾಗಾದರೆ ಮೊದಲು ಹುರುಳಿಗೆ ಹೆದರಿ. ನಮ್ಮ ಕಡೆ ಕಣ ಮಾಡುವವರು ಕಡಿಮೆಯಾಗಿ ಟಾರು ರಸ್ತೆಯೇ ಕಣವಾಗಿದೆ. ರಾಗಿ, ಹುರುಳಿ ಹರಡಿ, ಓಡಾಡುವ ಬಸ್ಸು ಲಾರಿಗಳಿಂದಲೇ ಒಕ್ಕಣೆ ಮಾಡಿಸುತ್ತಾರೆ. ಮೇಲೆ ಬಳ್ಳಿ ಹಾಸಿಗೆಯಂತೆ ಕಾಣುತ್ತದೆ, ಅಡಿಯಲ್ಲಿ ಉದುರಿದ ಕಾಳು ಗೋಲಿಯಂತೆ ಉರುಳುತ್ತದೆ. ಎರಡು ವರ್ಷದ ಹಿಂದೆ ಅದರ ಮೇಲೆ ಮುಂದಿನ ಬ್ರೇಕ್ ಹಿಡಿದೆ. ಮೊಣಕೈಯ ಚರ್ಮ ಅಲ್ಲೇ ಉಳಿಯಿತು. ಒಕ್ಕಣೆ ಕಾಯುತ್ತಿದ್ದ ಅಜ್ಜಿ ಕುಡಿಯಲು ನೀರು ಕೊಟ್ಟರು, ಕಾಳು ಚೆಲ್ಲಿದ್ದಕ್ಕೆ ಬೈದರು. ಎರಡೂ ನ್ಯಾಯವೇ. ದೂರದಲ್ಲಿ ಕಂಡ ಕೂಡಲೇ ವೇಗ ಇಳಿಸಿ. ಹತ್ತಿದ ಮೇಲೆ ಬ್ರೇಕ್ ಬೇಡ, ಹ್ಯಾಂಡಲ್ ತಿರುಗಿಸುವುದೂ ಬೇಡ, ನಿಧಾನವಾಗಿ ನೇರಕ್ಕೆ ದಾಟಿಬಿಡಿ. ಅಂಚಿಗೆ ಕಲ್ಲು ಇಟ್ಟಿರುತ್ತಾರೆ, ಕತ್ತಲಲ್ಲಿ ಅದು ಕಾಣುವುದಿಲ್ಲ. ತಿರುವುಗಳಲ್ಲಿ ಟಿಪ್ಪರ್‌ಗಳು ಉದುರಿಸಿಹೋಗುವ ಜಲ್ಲಿಯೂ ಇದೇ ಜಾತಿ.

ಗೌರಿಬಿದನೂರಿನಿಂದ:
ತಮ್ಮಾ, ನಾನು ಐದು ವರ್ಷದಿಂದ ಸಾಲಿನ ಕೊನೆಯಲ್ಲಿ ಓಡಿಸುವವನು. ಹೊಸಬನ ಜಾಗ ಮುಂದಾಳಿನ ಬೆನ್ನಿಗೆ. ಕೇಳಿಯೇ ಅದನ್ನು ಪಡೆದುಕೋ. ಬಾಲಕ್ಕೆ ಬಿದ್ದವನು ಸಾಲನ್ನು ಹಿಡಿಯುವ ಆತುರದಲ್ಲಿ ತನ್ನ ಕೈಗೆ ಮೀರಿದ ವೇಗಕ್ಕೆ ಹೋಗುತ್ತಾನೆ. ಹೆದ್ದಾರಿಯಲ್ಲಿ ಒಬ್ಬ ಬಲಕ್ಕೆ, ಅವನ ಹಿಂದಿನವನು ಎಡಕ್ಕೆ. ಮುಂದಿನವನು ದಾಟಿದ ಕಂಬವನ್ನು ನೀನು ದಾಟಲು ಎರಡು ಸೆಕೆಂಡಾದರೂ ಹಿಡಿಯಬೇಕು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅದು ಸುಮಾರು 33 ಮೀಟರ್. ಗುಡಿಬಂಡೆ ರಸ್ತೆಗೆ ತಿರುಗಿದ ಮೇಲೆ ಒಂಟಿ ಸಾಲು. ಮಣ್ಣಿನಲ್ಲಂತೂ ಮುಂದಿನವನ ಧೂಳು ಇಳಿಯುವ ತನಕ ಕಾಯಬೇಕು. ಅವನು ಲಾರಿಯನ್ನು ಹಿಂದಿಕ್ಕಿದನೆಂದು ನೀನೂ ನುಗ್ಗಬೇಡ, ಅವನಿಗೆ ಖಾಲಿ ಇದ್ದ ರಸ್ತೆ ನೀನು ಹೋಗುವಷ್ಟರಲ್ಲಿ ಖಾಲಿ ಇರುವುದಿಲ್ಲ. ಇನ್ನೊಂದು: ಕವಲು ದಾರಿ ಬಂದಾಗ ಹಿಂದಿನವನು ಕಣ್ಣಿಗೆ ಬೀಳುವ ತನಕ ನಿಲ್ಲುವ ಪದ್ಧತಿ ನಿಮ್ಮ ಕ್ಲಬ್‌ನಲ್ಲಿದೆಯೇ ಎಂದು ಹೊರಡುವ ಮೊದಲು ಕೇಳು. ಇಲ್ಲವೆಂದರೆ ನಾನಾದರೆ ಬೇರೆ ಕ್ಲಬ್ ಹುಡುಕುತ್ತೇನೆ.

ಚಿಕ್ಕಬಳ್ಳಾಪುರದಿಂದ:
ನನ್ನ ಎತ್ತರ ಐದಡಿ ಎರಡಂಗುಲ, ನಿಮ್ಮ ಬೈಕಿನ ಸೀಟು 800 ಮಿ.ಮೀ. ನನ್ನದೂ ಅದೇ ಬೈಕು. ಓಡಿಸುವಾಗ ಬಿದ್ದದ್ದು ಒಮ್ಮೆ, ನಿಲ್ಲಿಸುವಾಗ ಬಿದ್ದದ್ದಕ್ಕೆ ಲೆಕ್ಕವಿಲ್ಲ, ಅದೂ ಪೆಟ್ರೋಲ್ ಬಂಕಿನಲ್ಲಿ ಹತ್ತು ಜನರೆದುರು! ಸುಮಾರು 200 ಕೆ.ಜಿ.ಯನ್ನು ಬಗ್ಗಿ ಎತ್ತಲು ಹೋದರೆ ಸೊಂಟ ಉಳಿಯುವುದಿಲ್ಲ. ಎಂಜಿನ್ ಆರಿಸಿ, ಗೇರ್‌ನಲ್ಲಿಡಿ. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಮೊದಲೇ ತೆರೆದಿಡಿ, ಇಲ್ಲವಾದರೆ ಎತ್ತಿದ ಬೈಕು ಆಚೆ ಬದಿಗೆ ಉರುಳುತ್ತದೆ. ಸೀಟಿಗೆ ಬೆನ್ನು ಕೊಟ್ಟು ಕುಕ್ಕರಿಸಿ, ಕಾಲಿನ ಬಲದಿಂದ ಹಿಂದಕ್ಕೆ ತಳ್ಳುತ್ತಾ ಏಳಿ. ಮನೆಯಲ್ಲೇ ಅಭ್ಯಾಸ ಮಾಡಿಕೊಳ್ಳಿ. ಹೆಲ್ಮೆಟ್ ಐಎಸ್‌ಐ ಗುರುತಿನದೇ ಇರಲಿ, ಒಮ್ಮೆ ಅಪಘಾತದಲ್ಲಿ ಪೆಟ್ಟು ತಿಂದದ್ದನ್ನು ಮತ್ತೆ ಹಾಕಬೇಡಿ.

ಕೇಳಿದವರು:
ಅಕ್ಕ, ಈಗಷ್ಟೇ ಅಂಗಳದಲ್ಲಿ ಹಳೆಯ ಚಾಪೆ ಹಾಸಿ ಬೈಕನ್ನು ಮಲಗಿಸಿದೆ. ಮೂರನೆಯ ಸಲಕ್ಕೆ ಎದ್ದಿತು. ಅಮ್ಮ ಬಾಗಿಲಲ್ಲಿ ನಿಂತು, ಕೊಂಡದ್ದು ಓಡಿಸುವುದಕ್ಕೋ ಮಲಗಿಸುವುದಕ್ಕೋ ಎಂದು ಕೇಳುತ್ತಿದ್ದಾರೆ.