ಅಪ್ಪನಿಗೆ ಖಿನ್ನತೆಯ ಮದ್ದು ಶುರುವಾಗಿದೆ, ಮನೆಯಲ್ಲಿ ತೋಟೆ ಕೋವಿ ಇದೆ. ಏನು ಮಾಡುವುದು?

ಕೇಳಿದ್ದು, ಕಾರ್ಕಳದಿಂದ: ಅಪ್ಪನಿಗೆ 61. ಎಸ್ಸಿಟಾಲೊಪ್ರಾಮ್ 10 ಮಿ.ಗ್ರಾಂ ಶುರುವಾಗಿ ಐದು ದಿನ. ಬೆಳೆ ರಕ್ಷಣೆಯ ಲೈಸೆನ್ಸಿನ ಜೋಡುನಳಿಗೆ ಕೋವಿ ಮನೆಯಲ್ಲೇ ಇದೆ. ಭಾವನ ಮನೆಯಲ್ಲಿ ಇಡಬಹುದಾ? ಮದ್ದಿನ ವಿಷಯ ಗೊತ್ತಾದರೆ ಲೈಸೆನ್ಸ್ ಹೋಗ್ತದಾ?

ಉತ್ತರ 1: ಭಾವನ ಮನೆ ಬೇಡವೇ ಬೇಡ. ಅವರಿಗೆ ಲೈಸೆನ್ಸ್ ಇಲ್ಲದಿದ್ದರೆ ಕೇಸು ಅವರ ಮೇಲೆ, ಅಪ್ಪನ ಲೈಸೆನ್ಸಿಗೂ ಕುತ್ತು. ಚುನಾವಣೆ ಬಂದಾಗ ಠಾಣೆಯಲ್ಲಿ ಡಿಪಾಸಿಟ್ ಮಾಡ್ತೀರಲ್ಲ, ಅದೇ ದಾರಿ. ಇಲ್ಲದಿದ್ದರೆ ಲೈಸೆನ್ಸ್ ಇರುವ ಕೋವಿ ಅಂಗಡಿ. ಮೊದಲು ಫೋನ್ ಮಾಡಿ ಕೇಳಿ. ಅಪ್ಪನ ಸಹಿ ಇರುವ ಅರ್ಜಿ, ಲೈಸೆನ್ಸ್ ಪುಸ್ತಕ ಬೇಕು. ಅಪ್ಪನೂ ಜೊತೆಗೆ ಬರಲಿ. ರಶೀದಿಯಲ್ಲಿ ಕೋವಿಯ ನಂಬರ್, ತೋಟೆಗಳ (ಕಾಡತೂಸುಗಳ) ಲೆಕ್ಕ ಎರಡೂ ಬರೆಸಿ. ಕೋವಿ ಹೋಗಿ ತೋಟೆ ಕಪಾಟಿನಲ್ಲೇ ಉಳಿಯುವುದು ಸಾಮಾನ್ಯ ತಪ್ಪು. ನಮ್ಮ ಮಳೆಗಾಲಕ್ಕೆ ನಳಿಗೆ ತುಕ್ಕು ಹಿಡಿಯುತ್ತದೆ. ಎಣ್ಣೆ ಸವರುವ ಕೆಲಸ ಅಂಗಡಿಯವರಿಗೇ ಬಿಡಿ.

ಉತ್ತರ 2: ಕೋವಿ ಇವತ್ತೇ ಸಾಗಿಸಿ, ಮುಂದಿನ ವಾರ ಅಂತ ಬೇಡ. ಮನಸ್ಸು ಹಗುರಾಗಲು 2ರಿಂದ 4 ವಾರ ಬೇಕು, ಪೂರ್ತಿ ಪರಿಣಾಮಕ್ಕೆ 6–8. ಕೆಲವರಿಗೆ ಮೈಗೆ ಚುರುಕು ಮೊದಲು ಬರ್ತದೆ, ಮನಸ್ಸಿನ ಕತ್ತಲೆ ಹಾಗೇ ಇರ್ತದೆ. ಜೀವಕ್ಕೆ ಅಪಾಯ ಮಾಡಿಕೊಳ್ಳುವ ಭಯ ಆಗಲೇ. ಚಡಪಡಿಕೆ, ನಿದ್ದೆ ಹಾರುವುದು ಕಂಡರೆ ಅದೇ ದಿನ ಡಾಕ್ಟರಿಗೆ ತಿಳಿಸಿ. ಈ ಪ್ರಾಯದಲ್ಲಿ ರಕ್ತದ ಸೋಡಿಯಂ ಇಳಿದು ಗೊಂದಲ, ತಲೆಸುತ್ತು ಬರುವುದುಂಟು, ಪರೀಕ್ಷೆ ಮಾಡಿಸಿ. ನಗು ಬಂತೆಂದು ಮಾತ್ರೆ ಬಿಡಿಸಬೇಡಿ, ಹುಷಾರಾದ ಮೇಲೂ 6ರಿಂದ 9 ತಿಂಗಳು ಬೇಕು. ಅಷ್ಟರವರೆಗೆ ಕೋವಿ ತರುವ ಮಾತೂ ಬೇಡ. ತೋಟದ ಕಳೆನಾಶಕಕ್ಕೂ ಬೀಗ ಹಾಕಿ, ಕೀಲಿ ಬೇರೆಯವರಲ್ಲಿರಲಿ.

"ಸಾಯುವ ಯೋಚನೆ ಬರ್ತದಾ ಅಪ್ಪ?" ಅಂತ ನೇರ ಕೇಳಿ. ಕೇಳಿದ್ದರಿಂದ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬರನ್ನೇ ಬಿಡಬೇಡಿ, ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಉಚಿತ, ರಾತ್ರಿಯೂ ಕನ್ನಡದಲ್ಲಿ ಮಾತಾಡ್ತಾರೆ.

ಉತ್ತರ 3: ಲೈಸೆನ್ಸ್ ವಿಷಯ. ಶಸ್ತ್ರಾಸ್ತ್ರ ಕಾಯ್ದೆ ತಡೆಯುವುದು "ಅಸ್ವಸ್ಥ ಚಿತ್ತ"ದವರನ್ನು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಕಲಂ 3ರ ಪ್ರಕಾರ, ಕೋರ್ಟು ಹೇಳದ ಹೊರತು ಮನೋರೋಗ ಇದೆ ಎಂದ ಮಾತ್ರಕ್ಕೆ ಯಾರೂ ಹಾಗಾಗುವುದಿಲ್ಲ. ಚಿಕಿತ್ಸೆಯ ಗುಟ್ಟಿಗೆ ಕಲಂ 23ರ ರಕ್ಷಣೆ ಇದೆ. ಹಾಗಂತ ಮದ್ದು ಮುಚ್ಚಿಟ್ಟು ಪರಿಚಯದ ಡಾಕ್ಟರಲ್ಲಿ ಆರೋಗ್ಯದ ಸರ್ಟಿಫಿಕೇಟ್ ಮಾಡಿಸಬೇಡಿ, ಮಾಹಿತಿ ಮುಚ್ಚಿಟ್ಟದ್ದೇ ರದ್ದಿಗೆ ಕಾರಣವಾದೀತು. ಚಿಕಿತ್ಸೆ ಕೊಡುವ ಮನೋವೈದ್ಯರದ್ದೇ ಪತ್ರ ಇಟ್ಟುಕೊಳ್ಳಿ. ಡಿಪಾಸಿಟ್‌ನಲ್ಲಿದ್ದರೂ ನವೀಕರಣದ ತಾರೀಕು ನಿಲ್ಲುವುದಿಲ್ಲ. ಪುಸ್ತಕ ತೆರೆದು ಇವತ್ತೇ ನೋಡಿ.