ಹತ್ತು ರೂಪಾಯಿ ಹ್ಯಾಕು

"ಹತ್ತೇ ರೂಪಾಯಿ!" ಅಂತ ಗುಂಡು ಮೊಬೈಲನ್ನು ಎಲ್ಲರ ಮೂಗಿಗೂ ಒಂದು ಸುತ್ತು ಹಿಡಿದ. ಅದರೊಳಗೆ ಕಪ್ಪು ಕನ್ನಡಕದ ಹುಡುಗನೊಬ್ಬ ರೈಲಿನ ಬಾಗಿಲಲ್ಲಿ ನಿಂತು, "ಬೆಂಗಳೂರು ಏರ್‌ಪೋರ್ಟಿನಿಂದ ಸಿಟಿಗೆ ಬರೀ ಹತ್ತು ರೂಪಾಯಿ! ಈ ಹ್ಯಾಕು ನಿಮಗೆ ಯಾರೂ ಹೇಳಲ್ಲ!" ಅಂತ ಕಿರುಚುತ್ತಿದ್ದ.

"ಯಾರೂ ಹೇಳಲ್ಲ ಅಂತ ಊರಿಗೆಲ್ಲ ಅವನೇ ಹೇಳ್ತಿದಾನಲ್ಲ," ಅಂದರು ಶಾಮಣ್ಣ, ಬೈಟು ಕಾಫಿಯ ತಮ್ಮ ಪಾಲನ್ನು ಗುಂಡುವಿನ ಪಾಲಿನ ಪಕ್ಕದಲ್ಲಿಟ್ಟು ಮಟ್ಟ ನೋಡುತ್ತಾ. "ನಮ್ಮಜ್ಜಿ ಕಾಲದಲ್ಲಿ ಇದಕ್ಕೆ ಜುಗ್ಗತನ ಅಂತಿದ್ರು. ಈಗ ಹ್ಯಾಕು ಅಂತೆ. ಹೆಸರು ಬದಲಾದ ಮೇಲೆ ನಾಚಿಕೆ ಹೋಯ್ತು ನೋಡು."

"ನಗಬೇಡಿ ಶಾಮಣ್ಣ, ನನಗೆ ಇದೇ ಬೇಕಾಗಿರೋದು," ಅಂದ ಸೀನ. "ನಮ್ಮ ಭಾವಮೈದ ಇವತ್ತು ರಾತ್ರಿ ದೆಹಲಿಯಿಂದ ಬರ್ತಿದಾನೆ. ವಿಮಾನ ಇಳಿಯೋದು 11:20ಕ್ಕೆ. ಗಾಂಧಿನಗರದಲ್ಲಿ ಹೋಟೆಲ್ ಬುಕ್ ಮಾಡಿದಾನೆ. ಕಮ್ಮಿ ಖರ್ಚಿನಲ್ಲಿ ಹೆಂಗೆ ಬರಲಿ ಭಾವ ಅಂತ ಕೇಳಿದ."

"ಮೊದಲು ಹೋಟೆಲ್ ಅನ್ನೋದು ಬಿಡಕ್ಕೆ ಹೇಳಪ್ಪ," ಅಂದರು ಪದ್ದಕ್ಕ. "ನಮ್ಮೂರಲ್ಲಿ ಹೋಟೆಲ್ ಅಂದ್ರೆ ಇಡ್ಲಿ. ಆಟೋದವನು ಮುಚ್ಚಿರೋ ದರ್ಶಿನಿ ಮುಂದೆ ಇಳಿಸಿ ಹೋಗ್ತಾನೆ. ಲಾಡ್ಜು ಅನ್ನಲಿ."

ಗುಂಡು ಬಿಡಲಿಲ್ಲ. "ಹತ್ತು ರೂಪಾಯಿ ರೈಲು ಇರೋವಾಗ ಆಟೋ ಮಾತೇಕೆ?"

"ರೈಲು ಇದೆ, ಸುಳ್ಳಲ್ಲ," ಅಂದರು ಶಾಮಣ್ಣ. ಬಿಲ್ಲಿನ ಹಿಂದುಗಡೆ ತಿರುಗಿಸಿ, ಜೇಬಿನಿಂದ ಪೆನ್ನು ತೆಗೆದರು. ಇನ್ನು ಅರ್ಧ ಗಂಟೆ ಇಲ್ಲಿಂದ ಏಳುವಂತಿಲ್ಲ ಅಂತ ಉಳಿದವರಿಗೆ ಗೊತ್ತಾಯಿತು. "2021ರ ಜನವರಿ 4ನೇ ತಾರೀಕು ಶುರುವಾಯ್ತು. ಯಲಹಂಕದಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆ ಹೋಗೋ ಹಳೇ ಲೈನಿದೆಯಲ್ಲ, ಅದರ ಮೇಲೆ ಒಂದು ಹಾಲ್ಟ್ ಸ್ಟೇಷನ್ನು. ಟಿಕೆಟ್ಟು ಆಗ ಹತ್ತು–ಹದಿನೈದು ರೂಪಾಯಿ ಇತ್ತು. ಆದ್ರೆ ಆ ಹಾಲ್ಟು ಟರ್ಮಿನಲ್ ಬಾಗಿಲಲ್ಲಿಲ್ಲ. ಮಧ್ಯೆ ಮೂರು ನಾಲ್ಕು ಕಿಲೋಮೀಟರು, ಅದಕ್ಕೊಂದು ಶಟಲ್ ಬಸ್ಸು. ಶಟಲ್ ಹೊರಡೋದು ರೈಲಿನ ಟೈಮಿಗೆ. ರೈಲು ದಿನಕ್ಕೆ ಕೈಬೆರಳಲ್ಲಿ ಎಣಿಸೋವಷ್ಟು. ಅದೂ ಕೆಲಸಕ್ಕೆ ಹೋಗಿ ಬರೋರ ಟೈಮಿಗೆ ಇಟ್ಟಿರೋದು, ವಿಮಾನ ಇಳಿಯೋರ ಟೈಮಿಗಲ್ಲ. ವಿಮಾನ ಒಂದು ಗಂಟೆ ಲೇಟಾದ್ರೆ ಬಸ್ಸಲ್ಲಿ ಬರೋನಿಗೆ ಮುಂದಿನ ಬಸ್ಸಿದೆ. ರೈಲಲ್ಲಿ ಬರೋನಿಗೆ ಮುಂದಿನ ದಿನ ಇದೆ."

"ಈ ಹುಡುಗ ಬಂದನಲ್ಲ?"

"ಅವನ ಬೆನ್ನ ಮೇಲೆ ಏನಿದೆ ನೋಡು. ಶಾಲೆ ಮಗುವಿನ ಚೀಲ. ಅವನು ವಿಮಾನದಿಂದ ಇಳಿದೋನಲ್ಲಪ್ಪ, ರೀಲು ಮಾಡೋಕೆ ಹೋದೋನು. ಸೀನನ ಭಾವಮೈದ ರಾತ್ರಿ 12ಕ್ಕೆ ಹೊರಗೆ ಬರ್ತಾನೆ. ಆ ಹೊತ್ತಿಗೆ ಯಾವ ರೈಲೋ?"

"ಬೆಳಗಿನವರೆಗೆ ಏರ್‌ಪೋರ್ಟಲ್ಲೇ ಕೂತಿರಲಿ. ಕುರ್ಚಿ ಫ್ರೀ, ವೈಫೈ ಫ್ರೀ."

"ಕೂತ್ಕೊಳ್ಳಲಿ. ಲೆಕ್ಕ ಬರ್ಕೋ." ಶಾಮಣ್ಣ ಬಿಲ್ಲಿನ ಹಿಂದೆ 10 ಅಂತ ಬರೆದರು. "ನಿದ್ದೆಗೆಟ್ಟು ಕೂತೋನು ಕಾಫಿ ಕುಡೀತಾನೆ. ಅಲ್ಲಿನ ಕಾಫಿ ಒಂದಕ್ಕೆ 200 ಅಂತಿಟ್ಕೋ. ಎರಡು ಕುಡಿದ, 400. ಮೂರು ಗಂಟೆ ಹೊತ್ತಿಗೆ ಹಸಿವಾಗುತ್ತೆ. ಒಂದು ದೋಸೆ, 350. ಲಾಡ್ಜಿನ ಬಾಡಿಗೆ 1500. ಒಟ್ಟು 2260 ರೂಪಾಯಿಯ ಹತ್ತು ರೂಪಾಯಿ ಹ್ಯಾಕು."

"ಲಾಡ್ಜಿನ ಬಾಡಿಗೆ ಯಾಕೆ ಸೇರಿಸಿದ್ರಿ? ಅದು ಬಸ್ಸಲ್ಲಿ ಬಂದ್ರೂ ಕೊಡಬೇಕಲ್ಲ!"

"ಬಸ್ಸಲ್ಲಿ ಬಂದ್ರೆ ಅವನು ಮಲಗ್ತಾನೆ. ರೈಲಲ್ಲಿ ಬಂದ್ರೆ ಮಂಚ ಮಲಗುತ್ತೆ."

ಪದ್ದಕ್ಕ ನಗು ತಡೆಯೋಕೆ ಹೋಗಿ ಕಾಫಿ ನೆತ್ತಿಗೆ ಹತ್ತಿಸಿಕೊಂಡರು. ಸುಧಾರಿಸಿಕೊಂಡು ಕೇಳಿದರು: "ಹಂಗಾದ್ರೆ ಬಸ್ಸೇ ಸರಿ ಅನ್ನಿ. ಆಧಾರ್ ತೋರಿಸಿದ್ರೆ ಅದೂ ಫ್ರೀ ಅಲ್ವಾ? ನಾನು ಧರ್ಮಸ್ಥಳಕ್ಕೆ ಹೋಗಿ ಬಂದಿದ್ದು ಹಂಗೇ."

"ಸೀನನ ಭಾವಮೈದ ಗಂಡಸು ಪದ್ದಕ್ಕ."

"ಓ. ಆದ್ರೂ ಕೇಳಿಟ್ಕೋತೀನಿ, ನಾನೂ ಒಂದಿನ ವಿಮಾನ ಹತ್ತಬಹುದು."

"ನೀವು ಹತ್ತಿದ್ರೂ ದುಡ್ಡು ಕೊಡಬೇಕು. ಏರ್‌ಪೋರ್ಟಿಗೆ ಓಡೋ ವಾಯು ವಜ್ರ ಎ.ಸಿ. ಬಸ್ಸು. ಶಕ್ತಿ ಯೋಜನೆ ನಡೆಯೋದು ಸಾಮಾನ್ಯ ಬಸ್ಸಲ್ಲಿ."

ಗುಂಡುವಿನ ಕಣ್ಣು ಮಿನುಗಿತು. "ಸಾಮಾನ್ಯ ಬಸ್ಸು! ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ ಹೈವೇ ಮೇಲೆ ಬರುತ್ತಲ್ಲ! ಏರ್‌ಪೋರ್ಟಿಂದ ಹೈವೇವರೆಗೆ ನಡ್ಕೊಂಡು ಬಂದುಬಿಟ್ರೆ..."

"ನಡೀಲಿ. ಟರ್ಮಿನಲ್ಲಿಂದ ಹೈವೇಗೆ ಬರೋ ರಸ್ತೆ ಕಾರಿಗೆ ಮಾಡಿರೋದು, ಕಾಲಿಗಲ್ಲ. ಕಿಲೋಮೀಟರುಗಟ್ಟಲೆ ಇದೆ. ರಾತ್ರಿ 12ಕ್ಕೆ ಟ್ರಾಲಿ ಎಳ್ಕೊಂಡು ಆ ಫ್ಲೈಓವರ್ ಮೇಲೆ ನಡೆದ್ರೆ ಪೊಲೀಸಿನೋರೇ ಜೀಪಲ್ಲಿ ಫ್ರೀಯಾಗಿ ಕರ್ಕೊಂಡು ಹೋಗ್ತಾರೆ. ರಾತ್ರಿ ಉಳಿಯೋಕೆ ಜಾಗಾನೂ ಅವರೇ ಕೊಡ್ತಾರೆ. ಅದನ್ನ ರೀಲು ಮಾಡು."

ಸೀನನಿಗೆ ಹೊತ್ತಾಗುತ್ತಿತ್ತು. "ಬೇಗ ಹೇಳಿ ಶಾಮಣ್ಣ, ಅವನು ಇನ್ನೊಂದು ಗಂಟೆಯಲ್ಲಿ ಮನೆ ಬಿಡ್ತಾನೆ."

"ಕೆಐಎ-9. ಅಷ್ಟೇ ಬರ್ಕೋ. ಮೆಜೆಸ್ಟಿಕ್‌ಗೆ ಬರೋ ಬಸ್ಸು ಅದು. ನಡುರಾತ್ರೀಲೂ ಸಿಗುತ್ತೆ, ಹಗಲಿನಷ್ಟು ಬೇಗ ಬೇಗ ಅಲ್ಲ. ಅವನು ಹೊರಗೆ ಬಂದ ತಕ್ಷಣ 'ಟ್ಯಾಕ್ಸಿ ಬೇಕಾ ಸಾರ್' ಅಂತ ಪಕ್ಕದಲ್ಲೇ ನಡ್ಕೊಂಡು ಬರೋರಿಗೆ ಉತ್ತರ ಕೊಡದೆ, ಬಸ್ಸಿನ ಬೋರ್ಡು ನೋಡ್ಕೊಂಡು ನಡೀಲಿ. ಟಿಕೆಟ್ಟು ಬಸ್ಸೊಳಗೇ ಕೊಡ್ತಾರೆ, 300ರ ಆಚೀಚೆ. ಫೋನಲ್ಲಿ ದುಡ್ಡು ಕಳಿಸಬಹುದು, ಆದ್ರೆ ಚಾರ್ಜು ಮುಗಿದಿರೋ ಫೋನಿಂದ ಕಳಿಸೋಕಾಗಲ್ಲ, ನೂರರ ನೋಟು ನಾಲ್ಕು ಜೇಬಲ್ಲಿರಲಿ. ದೊಡ್ಡ ಚೀಲ ಇಡೋಕೆ ಮುಂದೆ ಕಂಬಿ ಹಾಕಿ ಜಾಗ ಮಾಡಿರ್ತಾರೆ. ಚೀಲ ಕಣ್ಣಿಗೆ ಕಾಣೋ ಸೀಟಲ್ಲಿ ಕೂರಲಿ. ಹೆಬ್ಬಾಳದಲ್ಲಿ ಗುಂಪು ಇಳಿಯುತ್ತೆ. ಎಲ್ಲರದೂ ಕಪ್ಪು ಟ್ರಾಲಿ. ಅಲ್ಲಿ ತೂಕಡಿಸಿದ್ರೆ ಮೆಜೆಸ್ಟಿಕ್‌ನಲ್ಲಿ ಬೇರೆಯವರ ಬನಿಯನ್ನು ಸಿಗುತ್ತೆ."

"ಮ್ಯಾಪಲ್ಲಿ ಹಾಕ್ಕೊಂಡು ಬರ್ತಾನೆ ಬಿಡಿ," ಅಂದ ಗುಂಡು.

"ಮ್ಯಾಪಿಗೆ ಕೆಂಪೇಗೌಡ ಅಂತ ಹಾಕಿದ್ರೆ ಅದಕ್ಕೇ ತಲೆ ಕೆಡುತ್ತೆ ಕಣೋ. ಹತ್ತೋದು ಕೆಂಪೇಗೌಡ ವಿಮಾನ ನಿಲ್ದಾಣ. ಇಳಿಯೋದು ಕೆಂಪೇಗೌಡ ಬಸ್ ನಿಲ್ದಾಣ. ಎದುರಿಗೆ ಕೆಂಪೇಗೌಡ ಮೆಟ್ರೋ. ಪಕ್ಕದಲ್ಲಿ ಕೆಂಪೇಗೌಡ ರಸ್ತೆ. ಒಂದೂವರೆ ಗಂಟೆ ಕೂತು ಬಂದೋನಿಗೆ ಹೊರಟೇ ಇಲ್ಲವೇನೋ ಅನ್ಸುತ್ತೆ. ಒಂದು ಲೆಕ್ಕಕ್ಕೆ ಸರಿಯಾಗೇ ಇದೆ ಅನ್ನು. ಕೆಂಪೇಗೌಡರ ಮನೆತನದೋರು ದೇವನಹಳ್ಳಿ ಹತ್ತಿರದ ಆವತಿಯಿಂದ ಯಲಹಂಕಕ್ಕೆ ಬಂದ್ರು, ಯಲಹಂಕದಿಂದ ಬಂದು 1537ರಲ್ಲಿ ಬೆಂಗಳೂರು ಕಟ್ಟಿದ್ರು. ಕೆಐಎ-9 ಬರೋದೂ ಅದೇ ದಾರೀಲಿ. ಅವರಿಗೆ ಮೂರು ತಲೆಮಾರಿನ ಮೇಲೆ ಹಿಡೀತು. ಸಂಜೆ ಹೊತ್ತು ಹೆಬ್ಬಾಳದಲ್ಲಿ ನಿಂತಿರೋ ಬಸ್ಸಿಗೂ ಅಷ್ಟೇ ಹಿಡಿಯೋ ಥರ ಕಾಣುತ್ತೆ. ರಾತ್ರಿ ಆ ಚಿಂತೆಯಿಲ್ಲ, ಒಂದು ಗಂಟೇಲಿ ಬಂದಾಯ್ತು."

"ಮೆಜೆಸ್ಟಿಕ್‌ನಿಂದ ಗಾಂಧಿನಗರ ಎದುರಿಗೇ ಅಲ್ವಾ? ನಡೀಬಹುದು," ಅಂದ ಸೀನ.

"ಹಗಲಲ್ಲಿ, ಕೈಚೀಲ ಆದ್ರೆ ನಡೀಲಿ. ಟ್ರಾಲಿ ಚಕ್ರ ಏರ್‌ಪೋರ್ಟಿನ ನೆಲ ನೋಡಿ ಮಾಡಿರೋದು. ಮೆಜೆಸ್ಟಿಕ್ ಸಬ್‌ವೇ ಮೆಟ್ಟಿಲು, ಗಾಂಧಿನಗರದ ಕಲ್ಲುಚಪ್ಪಡಿ, ಇದನ್ನೆಲ್ಲ ಆ ಚಕ್ರಕ್ಕೆ ಯಾರೂ ಹೇಳಿಲ್ಲ. ಎಳೆಯೋಕೆ ಅಂತ ತಂದಿದ್ದನ್ನ ತಲೆ ಮೇಲೆ ಹೊರಬೇಕಾಗುತ್ತೆ. ರಾತ್ರಿ ಒಂದು ಗಂಟೇಲಿ ಆಟೋ ಹಿಡೀಲಿ. 2025ರ ಆಗಸ್ಟಿಂದ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ. ರಾತ್ರಿ ಹತ್ತರಿಂದ ಬೆಳಗ್ಗೆ ಐದರವರೆಗೆ ಒಂದೂವರೆ ಪಟ್ಟು, ಅಂದ್ರೆ 54. ಮೀಟರ್ ಹಾಕಿದ್ರೆ."

ಕೊನೆಯ ಎರಡು ಪದಕ್ಕೆ ಪಕ್ಕದ ಟೇಬಲ್ಲಿನವರೂ ನಕ್ಕರು.

"ಸರಿ, 150 ಅಂತಲೇ ಇಟ್ಕೋ. 300 ಮತ್ತು 150, 450. ಟ್ಯಾಕ್ಸಿ ಆದ್ರೆ 1000ದ ಸುತ್ತಮುತ್ತ, ಮಳೆ ಬಂದ್ರೆ ಆಪು ಹೇಳಿದಷ್ಟು. ಇನ್ನೊಂದು ಕೇಳು. ಅವನು ಒಬ್ಬನೇ ತಾನೆ? ಹೆಂಡತಿ, ಮಗು ಜೊತೆಗಿದ್ರೆ ಈ ಲೆಕ್ಕ ತಲೆಕೆಳಗು. ಮೂರು ಟಿಕೆಟ್ಟು, ಮೇಲೊಂದು ಆಟೋ. ಆಗ ಟ್ಯಾಕ್ಸಿ ಮಾಡೋನೇ ಜಾಣ. ಬಸ್ಸು ಅಗ್ಗ ಅನ್ನೋದು ಒಬ್ಬನಿಗೆ ನಿಜ, ಇಬ್ಬರಿಗೆ ಅರ್ಧ ನಿಜ."

"ಒಬ್ಬನೇ," ಅಂದ ಸೀನ.

ಗುಂಡುವಿಗೆ ಸುಮ್ಮನಿದ್ದು ಅಭ್ಯಾಸವಿಲ್ಲ. "ಮೆಟ್ರೋ ಬಂದುಬಿಟ್ಟಿದ್ರೆ ಇದ್ಯಾವ ಗೋಳೂ ಇರ್ತಿರಲಿಲ್ಲ."

"ಬರುತ್ತಪ್ಪ. ಕೆ.ಆರ್. ಪುರದಿಂದ ಹೆಬ್ಬಾಳದ ಮೇಲೆ ನೀಲಿ ಲೈನು. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಾಯ್ತು. ಕಂಬ ಮುಂದೆ ಬಂದಿದೆ, ರೈಲು ಹಿಂದಿನಿಂದ ಬರುತ್ತೆ. ಅಲ್ಲೀವರೆಗೆ ಮೆಟ್ರೋ ಅಂದ್ರೆ ಮೆಜೆಸ್ಟಿಕ್‌ನಿಂದ ಮುಂದಕ್ಕೆ. ಲಾಡ್ಜು ಎಂ.ಜಿ. ರಸ್ತೆ ಕಡೆ ಇದ್ದು, ಹಗಲಲ್ಲಿ ಬಂದ್ರೆ ನೇರಳೆ ಲೈನು ಹತ್ತಬಹುದು. ಅಲ್ಲೂ ಚೀಲಕ್ಕೆ ಅಳತೆ ಇದೆ. 60 ಸೆಂಟಿಮೀಟರ್ ಉದ್ದ, 45 ಅಗಲ, 25 ದಪ್ಪ, 15 ಕೆಜಿ. ಮೀರಿದ್ರೆ ಅದಕ್ಕೂ ಟಿಕೆಟ್ಟು. ಮೂವತ್ತು ರೂಪಾಯಿ ಕೊಡಬೇಕು, ಸೀಟು ಮಾತ್ರ ಕೊಡಲ್ಲ."

"ನನಗೊಂದು ಅರ್ಥ ಆಗ್ತಿಲ್ಲ," ಅಂದರು ಪದ್ದಕ್ಕ. "ಈ ಜನ ಮೊದಲು ಲಾಡ್ಜು ಹಿಡಿದು ಆಮೇಲೆ ಬಸ್ಸು ಹುಡುಕೋದ್ಯಾಕೆ?"

"ಆಹಾ!" ಶಾಮಣ್ಣ ಪೆನ್ನು ಕೆಳಗಿಟ್ಟರು. "ಇದು ಯಾವ ರೀಲಿನಲ್ಲೂ ಬರಲ್ಲ. ಬಾಡಿಗೇಲಿ 200 ರೂಪಾಯಿ ಉಳೀತು ಅಂತ ಎಲ್ಲೋ ಮೂಲೇಲಿ ರೂಮು ಹಿಡೀತಾರೆ. ಅಲ್ಲಿಗೆ ಎರಡು ಬಸ್ಸು, ಒಂದು ಆಟೋ. ಮೊದಲು ಬಸ್ಸಿನ ದಾರಿ ನೋಡಿ, ಆ ದಾರಿ ಪಕ್ಕದಲ್ಲೇ ಲಾಡ್ಜು ಹುಡುಕಬೇಕು. ವೈಟ್‌ಫೀಲ್ಡ್ ಕಡೆ ಕೆಲಸ ಇದ್ರೆ ಕಾಡುಗೋಡಿಗೆ ಬರೋ ಕೆಐಎ-6, ಎಲೆಕ್ಟ್ರಾನಿಕ್ ಸಿಟಿಗೆ ಕೆಐಎ-8, ಬನಶಂಕರಿಗೆ ಕೆಐಎ-5. ಲಾಡ್ಜಿಗೆ ಫೋನ್ ಮಾಡಿ ಎರಡು ಮಾತು ಕೇಳಬೇಕು. ರಾತ್ರಿ ಒಂದು ಗಂಟೆಗೆ ಷಟರ್ ಎತ್ತೋಕೆ ಯಾರಿರ್ತಾರೆ? ಚೆಕ್‌ಔಟ್ 24 ಗಂಟೆ ಲೆಕ್ಕವೋ, ಮಧ್ಯಾಹ್ನ 12ರ ಲೆಕ್ಕವೋ? ಗಾಂಧಿನಗರದಲ್ಲಿ 24 ಗಂಟೆ ಲೆಕ್ಕದೋರು ಬೇಕಾದಷ್ಟು ಜನ ಇದಾರೆ. ಅದು ಸಿಕ್ಕಿದ್ರೆ ನಾಳೆ ರಾತ್ರೀವರೆಗೆ ರೂಮು ಅವನದೇ. ಇನ್ನೊಂದು ಲೆಕ್ಕ ಆದ್ರೆ ಕೊಟ್ಟ ದುಡ್ಡಿಗೆ ಅರ್ಧ ದಿನ."

"ಹಳೇ ಏರ್‌ಪೋರ್ಟೇ ಚೆನ್ನಾಗಿತ್ತು," ಅಂದರು ಪದ್ದಕ್ಕ. "ಎಚ್‌ಎಎಲ್ ಹತ್ರ. ಮುಗಿಯಿತು ಅನ್ನೋದ್ರೊಳಗೆ ಮನೆ."

"2008ರಲ್ಲಿ ಹೋಯ್ತು. ರಸ್ತೆಗೆ ಮಾತ್ರ ಇವತ್ತಿಗೂ ಏರ್‌ಪೋರ್ಟ್ ರಸ್ತೆ ಅಂತಲೇ ಹೆಸರು. ಹೊಸಬರು ಆ ಹೆಸರು ನೋಡಿ ಅಲ್ಲಿಗೇ ಹೋಗಿಬಿಟ್ರೆ, ವಿಮಾನ ಹೋಗೋದು ಮಾತ್ರ ದೇವನಹಳ್ಳಿಯಿಂದ."

"ಆಗ ಕರ್ಕೊಂಡು ಬರೋಕೆ ಮನೆ ಮಂದಿಯೆಲ್ಲ ಹೋಗ್ತಿದ್ರಲ್ಲ ಶಾಮಣ್ಣ. ಒಬ್ಬ ಇಳಿಯೋದು, ಹನ್ನೊಂದು ಜನ ಕಾಯೋದು. ಒಂದು ಕಾರಿಗೆ ಎಂಟು ಜನ. ಬಂದೋನಿಗೇ ಜಾಗ ಇರ್ತಿರಲಿಲ್ಲ."

"ಅವನ ಸೂಟ್‌ಕೇಸು ನಾವು ಹೊರ್ತಿದ್ವಿ. ಚಕ್ರ ಇರಲಿಲ್ಲ ಅದಕ್ಕೆ," ಅಂದರು ಶಾಮಣ್ಣ. "ದೇವನಹಳ್ಳಿ ಅಂದ್ರೆ ಆಗ ಚಕ್ಕೋತ. ಆ ಕಡೆ ಹೋದೋರು ಎರಡು ಹಣ್ಣು ತರ್ತಿದ್ರು. ಈಗ ಆ ಕಡೆ ಹೋದೋರು ಬೋರ್ಡಿಂಗ್ ಪಾಸು ತರ್ತಾರೆ." ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವರೇ, ಲೋಟದ ತಳ ನೋಡುತ್ತಾ, "ಅದಿರಲಿ ಸೀನ, ಬನಶಂಕರೀಲಿ ನಿನ್ನ ಮನೆ ಇಟ್ಕೊಂಡು ಅವನಿಗೆ ಲಾಡ್ಜು ಯಾಕೋ?" ಅಂದರು.

ಸೀನ ಲೋಟ ತಿರುಗಿಸಿದ. "ಅವನೇ ಬೇಡ ಅಂದ. ಅಪರಾತ್ರೀಲಿ ಬಂದು ಬಾಗಿಲು ತಟ್ಟೋದು ಯಾಕೆ, ಅಕ್ಕನಿಗೆ ತೊಂದ್ರೆ ಅಂತ."

"ನೀನೇನಂದೆ?"

"ನಾನು... ಸರಿ ಅಂದೆ."

ಪದ್ದಕ್ಕ ಬಿಲ್ಲಿನ ಹಿಂದಿನ ಲೆಕ್ಕದ ಮೇಲೆ ಬೆರಳಿಟ್ಟು, 2260, 450 ಎಲ್ಲ ದಾಟಿ, ಖಾಲಿ ಜಾಗಕ್ಕೆ ಬಂದು ನಿಲ್ಲಿಸಿದರು. ಏನೂ ಹೇಳಲಿಲ್ಲ. ಸೀನ ಫೋನು ತೆಗೆದು ಸ್ಪೀಕರಿಗೆ ಹಾಕಿದ.

"ಭಾವ, ಹೊರಡ್ತಾ ಇದೀನಿ. ಬಸ್ಸಿನ ನಂಬರು ಸಿಕ್ತಾ?"

"ಲೋ, ಆ ಲಾಡ್ಜು ಬಿಡು. ಮನೆಗೇ ಬಾ."

ಅತ್ತ ಕಡೆ ಎರಡು ಕ್ಷಣ ಸದ್ದಿಲ್ಲ. "ದುಡ್ಡು ಕಟ್ಟಿಬಿಟ್ಟಿದೀನಿ ಭಾವ. ವಾಪಸ್ ಕೊಡಲ್ವಂತೆ." ಮತ್ತೆ ಎರಡು ಕ್ಷಣ. "ಅಕ್ಕ ಎದ್ದಿರ್ತಾಳಾ?"

"ಎದ್ದಿರ್ತಾಳೆ."

"ಹಂಗಾದ್ರೆ... ಬನಶಂಕರಿಗೆ ಯಾವ ಬಸ್ಸು?"

"ಕೆಐಎ-5" ಅಂದರು ಪದ್ದಕ್ಕ. "ಮೆಜೆಸ್ಟಿಕ್‌ಗೆ ಬಂದು ಹಸಿರು ಲೈನು" ಅಂದ ಗುಂಡು. "ಆ ಹೊತ್ತಲ್ಲಿ ಎಲ್ಲಿ ಮೆಟ್ರೋನೋ" ಅಂತ ಪದ್ದಕ್ಕ ತಿರುಗಿಬಿದ್ದರು. "ಬೆಳಗ್ಗೆ ಐದಕ್ಕೆ ಶುರುವಾಗುತ್ತಲ್ಲ, ಅಲ್ಲೀವರೆಗೆ ಮೆಜೆಸ್ಟಿಕ್‌ನಲ್ಲಿ ಕೂತಿದ್ರೆ" ಅಂತ ಗುಂಡು ಶುರುಮಾಡಿದ. ಫೋನಿನಿಂದ "ಭಾವ? ಭಾವ, ಯಾರು ಅವರೆಲ್ಲ?" ಅಂತ ಕೇಳಿಸುತ್ತಿತ್ತು.

ಶಾಮಣ್ಣ ಬಿಲ್ಲನ್ನು ಮತ್ತೆ ಮುಂದುಗಡೆಗೆ ತಿರುಗಿಸಿ, ಎರಡು ಬೈಟು ಕಾಫಿಯ ದುಡ್ಡು ಎಣಿಸಿಟ್ಟರು.